ಊರು ನೋಡೋಣ, ಉಂಡು ನೋಡೋಣ

ಅಕ್ಕಂದಿರೇ, ಊಟಕ್ಕೆ ಕೂತಾಗ ನಿಮ್ಮ ತಟ್ಟೆಯನ್ನು ಒಮ್ಮೆ ಚೆನ್ನಾಗಿ ನೋಡಿ.

ತಟ್ಟೆಯಲ್ಲಿ ಮುದ್ದೆ ಇದೆ. ಪಕ್ಕದಲ್ಲಿ ಸಾರು ಇದೆ. ಸಾರಿನಲ್ಲಿ ಆಲೂಗಡ್ಡೆ ಇದೆ, ಟೊಮೇಟೊ ಇದೆ, ಮೆಣಸಿನಕಾಯಿಯ ಖಾರ ಇದೆ. ಇದೆಲ್ಲ ನಮ್ಮದೇ ಅಲ್ಲವೇ? ನಮ್ಮ ಅಜ್ಜಿ ಮಾಡಿದ್ದು, ಅಮ್ಮ ಮಾಡಿದ್ದು.

ಆದರೆ ಕೇಳಿ. ಆಲೂಗಡ್ಡೆ, ಟೊಮೇಟೊ, ಮೆಣಸಿನಕಾಯಿ ಈ ಮೂರೂ ಅಮೆರಿಕಾ ಖಂಡದ ಗಿಡಗಳು. ಆರುನೂರು ವರ್ಷದ ಹಿಂದೆ ನಮ್ಮ ನೆಲದಲ್ಲಿ ಇವು ಇರಲೇ ಇಲ್ಲ. ಹಡಗು ಹತ್ತಿ ಬಂದವು. ಅಷ್ಟೇ ಏಕೆ, ನಮ್ಮ ರಾಗಿಯೂ ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಬಂದದ್ದು. ಬಂದು ನಮ್ಮ ಮಣ್ಣಿಗೆ ಹೊಂದಿಕೊಂಡಿತು. ನಮ್ಮದೇ ಆಯಿತು.

ಅಂದರೆ ತಟ್ಟೆಯೂ ಒಂದು ಪುಸ್ತಕ. ಓದಲು ಕಲಿತರೆ ಅದರಲ್ಲಿ ಊರಿನ ಕತೆ ಇದೆ, ಜನರ ಕತೆ ಇದೆ.

ಈ ಪುಸ್ತಕ ಓದಲು ನಮ್ಮ ಕಲಿಕಾ ಕೇಂದ್ರದ ಒಂಬತ್ತು ಮಂದಿ ಹೆಂಗಸರು ಒಂದು ಭಾನುವಾರ ಹೊರಟೆವು. ಕೆ.ಆರ್. ಪುರದಿಂದ ಹಲಸೂರಿಗೆ, ಅಲ್ಲಿಂದ ಶಿವಾಜಿನಗರಕ್ಕೆ.

ಹೊರಡುವ ಮುನ್ನ

ಹೊರಡುವುದು ಸುಲಭವಾಗಲಿಲ್ಲ.

"ಏನು ಕೆಲಸ ಇದೆ ಅಲ್ಲಿ?" ಎಂದು ಒಬ್ಬರ ಮನೆಯಲ್ಲಿ ಕೇಳಿದರು. "ಊರು ಸುತ್ತೋಕೆ ಹೋಗ್ತೀಯಾ?" ಎಂದು ಇನ್ನೊಬ್ಬರ ಮನೆಯಲ್ಲಿ ಗದರಿದರು.

ನಿಜ. ಹೆಂಗಸು ಮನೆ ಬಿಟ್ಟು ಹೊರಟರೆ ಒಂದು ಕಾರಣ ಬೇಕು. ಆಸ್ಪತ್ರೆ, ರೇಷನ್ ಅಂಗಡಿ, ಮದುವೆ, ಸಾವು. ಸುಮ್ಮನೆ ಊರು ನೋಡಲು ಹೋಗುತ್ತೇನೆ ಎಂದರೆ ಯಾರೂ ಒಪ್ಪುವುದಿಲ್ಲ. ಗಂಡಸು ಹೋದರೆ ಯಾರೂ ಕೇಳುವುದಿಲ್ಲ.

ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು ಒಂದು ಉಪಾಯ ಮಾಡಿದಳು. ಬೆಳಿಗ್ಗೆ ಬೇಗ ಎದ್ದು ಅಡುಗೆ ಮುಗಿಸಿದಳು. ಮಗಳ ಪುಸ್ತಕದ ಒಂದು ಹಾಳೆ ಹರಿದು ತನ್ನ ಕೈಯಿಂದಲೇ ಬರೆದಳು. "ಅನ್ನ, ಸಾರು ಮಾಡಿ ಇಟ್ಟಿದ್ದೇನೆ. ಟೀಚರಮ್ಮನ ಜೊತೆ ಹೋಗಿದ್ದೇನೆ. ಸಂಜೆ ಆರಕ್ಕೆ ಬರುತ್ತೇನೆ." ಕೆಳಗೆ ತನ್ನ ಹೆಸರು ಬರೆದಳು. ಅವಳು ಮನೆಯವರಿಗೆ ಬರೆದ ಮೊದಲನೇ ಕಾಗದ ಅದು.

ಖರ್ಚಿನ ಮಾತು ಬಂತು. ಕರ್ನಾಟಕ ಸರ್ಕಾರದ ಶಕ್ತಿ ಯೋಜನೆ ನಿಮಗೆ ಗೊತ್ತೇ ಇದೆ. ಅದು 2023ರ ಜೂನ್ 11ರಂದು ಆರಂಭವಾಯಿತು. ರಾಜ್ಯದ ಹೆಂಗಸರು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ದುಡ್ಡು ಕೊಡದೆ ಓಡಾಡಬಹುದು. ಎ.ಸಿ. ಬಸ್ಸಿಗೆ, ಮೆಟ್ರೋ ರೈಲಿಗೆ ಇದು ಇಲ್ಲ.

"ಹೋಗೋವಾಗ ಮೆಟ್ರೋ, ಬರೋವಾಗ ಬಸ್ಸು" ಎಂದು ತೀರ್ಮಾನ ಮಾಡಿದೆವು. ಮೆಟ್ರೋ ಹತ್ತಬೇಕೆಂಬ ಆಸೆ ಎಲ್ಲರಿಗೂ ಇತ್ತು.

ಬೋರ್ಡು ಓದುತ್ತಾ ಹೋದೆವು

ಕೆ.ಆರ್. ಪುರದಲ್ಲಿ ರೈಲು ಹಳಿಯ ಮೇಲಿನ ತೂಗುಸೇತುವೆ ನೋಡಿದ್ದೀರಲ್ಲ. ಅದರ ಹತ್ತಿರವೇ ಮೆಟ್ರೋ ನಿಲ್ದಾಣ. ಈ ದಾರಿಗೆ ನೇರಳೆ ಮಾರ್ಗ ಎಂದು ಹೆಸರು. ಕೆ.ಆರ್. ಪುರಕ್ಕೂ ಬೈಯಪ್ಪನಹಳ್ಳಿಗೂ ನಡುವೆ ರೈಲು ಓಡತೊಡಗಿದ್ದು 2023ರ ಅಕ್ಟೋಬರಿನಲ್ಲಿ.

ಟಿಕೆಟ್ ಬದಲು ನಾಣ್ಯದ ಹಾಗಿರುವ ಟೋಕನ್ ಕೊಟ್ಟರು. ಒಳಗೆ ಹೋಗುವಾಗ ಗೇಟಿಗೆ ತೋರಿಸಬೇಕು. ಹೊರಗೆ ಬರುವಾಗ ಗೇಟಿನ ಸಂದಿಯಲ್ಲಿ ಹಾಕಬೇಕು. ಕಳೆದುಕೊಂಡರೆ ದಂಡ. ಒಬ್ಬರು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡರು.

ಪ್ರತಿ ನಿಲ್ದಾಣದ ಬೋರ್ಡನ್ನೂ ಎಲ್ಲರೂ ಗಟ್ಟಿಯಾಗಿ ಓದಿದರು. ಬೆನ್ನಿಗಾನಹಳ್ಳಿ. ಬೈಯಪ್ಪನಹಳ್ಳಿ. ಸ್ವಾಮಿ ವಿವೇಕಾನಂದ ರಸ್ತೆ. ಇಂದಿರಾನಗರ. ಪಕ್ಕದಲ್ಲಿ ಕೂತಿದ್ದ ಹುಡುಗರು ನಕ್ಕರು. ನಗಲಿ ಬಿಡಿ. ಅವರಿಗೆ ಅಕ್ಷರ ಆರನೇ ವರ್ಷಕ್ಕೆ ಸಿಕ್ಕಿತು. ನಮ್ಮವರಿಗೆ ನಲವತ್ತಕ್ಕೆ ಸಿಕ್ಕಿದೆ.

ಇಂದಿರಾನಗರ ಬಂದಾಗ ನಮ್ಮ ಗುಂಪಿನ ಹಿರಿಯಕ್ಕ ಕಿಟಕಿಯಿಂದ ಕೈ ತೋರಿಸಿದರು. ಅವರು ಕೋಲಾರದ ಕಡೆಯವರು.

"ಟೀಚರಮ್ಮ, ನಾನು ಎಂಟು ವರ್ಷದಿಂದ ಇಲ್ಲೇ ಒಂದು ಹೋಟೆಲಲ್ಲಿ ಪಾತ್ರೆ ತೊಳೀತಿದ್ದೀನಿ. ಹಿಂದಿನ ಬಾಗಿಲಲ್ಲಿ ಹೋಗ್ತೀನಿ, ಹಿಂದಿನ ಬಾಗಿಲಲ್ಲಿ ಬರ್ತೀನಿ. ಮುಂದೆ ಕುರ್ಚಿ ಮೇಲೆ ಒಂದಿನಾನೂ ಕೂತಿಲ್ಲ."

ಯಾರೂ ಮಾತಾಡಲಿಲ್ಲ. ಅಷ್ಟರಲ್ಲಿ ಹಲಸೂರು ಬಂತು.

ದಂಡು ಎಂದರೆ ಏನು?

ಹಲಸೂರಿನಲ್ಲಿ ಇಳಿದ ಮೇಲೆ ಒಂದು ಕತೆ ಹೇಳಿದೆ. ನಿಮಗೂ ಹೇಳುತ್ತೇನೆ.

ಇನ್ನೂರು ವರ್ಷಕ್ಕಿಂತ ಹಿಂದೆ ಬೆಂಗಳೂರು ಎಂದರೆ ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ. ಕೋಟೆಯ ಬಳಿಯ ಪೇಟೆ. ಹಲಸೂರು ಬೇರೆ ಹಳ್ಳಿ. ಹಲಸಿನ ತೋಪು ಇದ್ದುದರಿಂದ ಈ ಹೆಸರು ಬಂತು ಎನ್ನುತ್ತಾರೆ.

1809ರಲ್ಲಿ ಇಂಗ್ಲಿಷರು ತಮ್ಮ ಸೈನ್ಯವನ್ನು ಹಲಸೂರಿನ ಬಳಿ ತಂದು ಇಟ್ಟರು. ಸೈನ್ಯಕ್ಕೆ ಕನ್ನಡದಲ್ಲಿ ದಂಡು ಎನ್ನುತ್ತೇವೆ. ಹಾಗಾಗಿ ಈ ಭಾಗಕ್ಕೆ ದಂಡು ಎಂದೇ ಹೆಸರಾಯಿತು. ಇಂಗ್ಲಿಷಿನಲ್ಲಿ ಕಂಟೋನ್ಮೆಂಟ್. 1864ರಲ್ಲಿ ಬೆಂಗಳೂರಿಗೆ ಮೊದಲ ರೈಲು ಬಂದು ನಿಂತದ್ದೂ ದಂಡಿನಲ್ಲೇ. ಆ ರೈಲು ತಮಿಳುನಾಡಿನ ಜೋಲಾರಪೇಟೆಯಿಂದ ಬರುತ್ತಿತ್ತು.

ದಂಡು ಬಂದರೆ ಬರೀ ಸಿಪಾಯಿ ಬರುವುದಿಲ್ಲ. ಅಡುಗೆಯವರು ಬೇಕು. ಬಟ್ಟೆ ಒಗೆಯುವವರು ಬೇಕು. ಕಟುಕರು, ರೊಟ್ಟಿ ಸುಡುವವರು, ದರ್ಜಿಗಳು, ವ್ಯಾಪಾರಿಗಳು, ಗಾರೆ ಕೆಲಸದವರು ಎಲ್ಲರೂ ಬೇಕು. ತಮಿಳು ಸೀಮೆಯಿಂದ ಬಹಳ ಜನ ಬಂದರು. ತೆಲುಗರು ಬಂದರು. ಉರ್ದು ಮಾತಾಡುವ ಮುಸ್ಲಿಮರು ಬಂದರು. ಒಬ್ಬೊಬ್ಬರೂ ತಮ್ಮ ಭಾಷೆ ತಂದರು. ತಮ್ಮ ದೇವರನ್ನು ತಂದರು. ತಮ್ಮ ಒಲೆಯನ್ನೂ ತಂದರು.

1881ರಲ್ಲಿ ಮೈಸೂರು ರಾಜ್ಯ ಮತ್ತೆ ಒಡೆಯರ ಕೈಗೆ ಬಂತು. ದಂಡು ಮಾತ್ರ ಇಂಗ್ಲಿಷರ ಕೈಯಲ್ಲೇ ಉಳಿಯಿತು. 1947ರಲ್ಲಿ ಅದು ಮೈಸೂರಿಗೆ ಮರಳಿತು. 1949ರಲ್ಲಿ ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆ ಆಯಿತು.

ಊರು ಒಂದಾಯಿತು. ಆದರೆ ರುಚಿ ಇಂದಿಗೂ ಬೀದಿ ಬೀದಿಗೆ ಬೇರೆ.

ಹಲಸೂರಿನ ಬೆಳಗು

ಮೊದಲು ಸೋಮೇಶ್ವರ ದೇವಸ್ಥಾನಕ್ಕೆ ಹೋದೆವು. ದಂಡು ಬರುವುದಕ್ಕೆ ಎಷ್ಟೋ ಮುಂಚಿನ ಗುಡಿ ಇದು. ಕೆಂಪೇಗೌಡರ ಮನೆತನದವರು ಇದನ್ನು ದೊಡ್ಡದು ಮಾಡಿದರು ಎನ್ನುತ್ತಾರೆ. ಕಲ್ಲಿನ ಮೇಲೆ ಗಿರಿಜೆಯ ಮದುವೆಯ ಕೆತ್ತನೆ ಇದೆ. ಕೈಲಾಸವನ್ನೇ ಎತ್ತುತ್ತಿರುವ ರಾವಣ ಇದ್ದಾನೆ.

ಗುಡಿಯಿಂದ ಬಂದು ಬಜಾರಿನ ಬೀದಿಯಲ್ಲಿ ಇಡ್ಲಿ ತಿಂದೆವು. ಮಾರುವ ಅಮ್ಮ ನಮ್ಮ ಜೊತೆ ಕನ್ನಡ ಮಾತಾಡಿದರು. ಮಗನ ಜೊತೆ ತಮಿಳು. ಹಾಲಿನವನ ಜೊತೆ ತೆಲುಗು. ಆಟೋದವರ ಜೊತೆ ಉರ್ದು.

"ಎಷ್ಟು ಓದಿದ್ದೀರಮ್ಮಾ?" ಎಂದು ಕೇಳಿದೆ.

"ಒಂದಕ್ಷರಾನೂ ಇಲ್ಲ ಕಣಮ್ಮ" ಎಂದರು.

ನಾಲ್ಕು ಭಾಷೆ ಬಲ್ಲ ಅವರನ್ನು ದಡ್ಡರು ಎನ್ನಲು ಆಗುತ್ತದೆಯೇ? ಅಕ್ಷರ ಒಂದು ಸೇರಿದರೆ ಅವರನ್ನು ಹಿಡಿಯುವವರು ಯಾರು? "ನಮ್ಮ ಕಡೆ ಬನ್ನಿ, ಕಲಿಸ್ತೀವಿ" ಎಂದು ನಮ್ಮ ಚಿಕ್ಕವಳೇ ಹೇಳಿದಳು.

ಗುರುದ್ವಾರದ ಪಂಕ್ತಿ

ಹಲಸೂರು ಕೆರೆಯ ಹತ್ತಿರ ಸಿಖ್ಖರ ಗುರುದ್ವಾರ ಇದೆ. ಗುರುದ್ವಾರ ಎಂದರೆ ಅವರ ಪ್ರಾರ್ಥನೆಯ ಮನೆ. ಅಲ್ಲಿ ಬಂದವರಿಗೆಲ್ಲ ಊಟ ಹಾಕುತ್ತಾರೆ. ಆ ಊಟಕ್ಕೆ ಲಂಗರ್ ಎಂದು ಹೆಸರು. ಸುಮಾರು ಐನೂರು ವರ್ಷದ ಹಿಂದೆ ಗುರು ನಾನಕರು ಇದನ್ನು ಆರಂಭಿಸಿದರು. ರಾಜನಾದರೂ ಸರಿ, ಕೂಲಿಯಾದರೂ ಸರಿ, ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂತು ಒಂದೇ ಊಟ ಉಣ್ಣಬೇಕು. ಇದು ಲಂಗರಿನ ನಿಯಮ.

ನಮಗೆ ಇದು ಹೊಸದಲ್ಲ. ಬಸವಣ್ಣನವರ ಕಾಲದ ದಾಸೋಹ ಇದೇ ಅಲ್ಲವೇ? ತುಮಕೂರಿನ ಸಿದ್ಧಗಂಗೆಯಲ್ಲಿ, ಧರ್ಮಸ್ಥಳದಲ್ಲಿ ಇಂದಿಗೂ ಬಂದವರಿಗೆ ಅನ್ನ ಇದೆ.

ಬಾಗಿಲ ಬಳಿ ಎಲ್ಲರೂ ಚಪ್ಪಲಿ ಬಿಟ್ಟೆವು. ಕೈಕಾಲು ತೊಳೆದೆವು. ತಲೆಯ ಮೇಲೆ ಸೆರಗು ಹೊದ್ದೆವು. ಅಲ್ಲಿ ಗಂಡಸರೂ ತಲೆ ಮುಚ್ಚಲೇಬೇಕು. ತಿರುಗಿ ನೋಡಿದರೆ ನಮ್ಮ ಹಿರಿಯಕ್ಕ ಹೊರಗೇ ನಿಂತಿದ್ದರು.

"ಬನ್ನಿ ಅಕ್ಕಾ" ಎಂದೆ.

ಅವರು ಮೆಲ್ಲಗೆ ಕೇಳಿದರು. "ನಾನು ಒಳಗೆ ಬರಬಹುದಾ ಟೀಚರಮ್ಮ? ಕೇಳಿಕೊಂಡು ಬನ್ನಿ."

ಆಮೇಲೆ ಹೇಳಿದರು. ಅವರ ಹಳ್ಳಿಯ ಟೀ ಅಂಗಡಿಯಲ್ಲಿ ಅವರ ಜನಕ್ಕೆ ಬೇರೆ ಲೋಟ ಇತ್ತಂತೆ. ಕುಡಿದು ತಾವೇ ತೊಳೆದು ಹೊರಗಿನ ಗೂಡಿನಲ್ಲಿ ಇಡಬೇಕಿತ್ತಂತೆ. ಚಿಕ್ಕಂದಿನಲ್ಲಿ ಒಂದು ದಿನ ಗೊತ್ತಿಲ್ಲದೆ ಒಳಗಿನ ಬೆಂಚಿನ ಮೇಲೆ ಕೂತು ಬೈಸಿಕೊಂಡಿದ್ದರಂತೆ. ಅಂದಿನಿಂದ ಯಾವ ಬಾಗಿಲು ಕಂಡರೂ ಕಾಲು ತಾನಾಗಿ ನಿಂತುಬಿಡುತ್ತದೆ ಎಂದರು.

ನಾನು ಕೇಳಲು ಒಳಗೆ ಹೋಗಲಿಲ್ಲ. ಅವರ ಕೈ ಹಿಡಿದುಕೊಂಡೆ. ಇಬ್ಬರೂ ಸೇರಿ ಒಳಗೆ ಹೋದೆವು.

ಚಾಪೆಯ ಮೇಲೆ ಸಾಲಾಗಿ ಕೂತೆವು. ಹಿರಿಯಕ್ಕನ ಒಂದು ಪಕ್ಕ ನಾನು. ಇನ್ನೊಂದು ಪಕ್ಕ ಯಾರೋ ಕಾಲೇಜು ಹುಡುಗಿ. ರೊಟ್ಟಿ ಬಂತು. ಬೇಳೆ ಬಂತು. ಪಲ್ಯ, ಅನ್ನ, ಕೊನೆಗೆ ಅಕ್ಕಿ ಪಾಯಸ. ರೊಟ್ಟಿಯನ್ನು ಎರಡೂ ಕೈ ಚಾಚಿ ತೆಗೆದುಕೊಳ್ಳಬೇಕು. ಬೇಕಾದಷ್ಟು ಹಾಕಿಸಿಕೊಳ್ಳಬಹುದು. ಬಿಸಾಡಬಾರದು.

ನಮ್ಮಲ್ಲಿ ಇನ್ನೊಬ್ಬರು ಊಟದ ಮಧ್ಯೆ ನಕ್ಕುಬಿಟ್ಟರು. "ನಾನು ಕೂತು, ಬೇರೆಯವರು ಬಡಿಸಿ, ಬಿಸಿಬಿಸಿ ತಿಂದಿದ್ದು ನನ್ನ ಮದುವೆ ದಿನ. ಅದು ಬಿಟ್ಟರೆ ಇವತ್ತೇ" ಎಂದರು. ಎಲ್ಲರೂ ನಕ್ಕರು. ನಕ್ಕು ಸುಮ್ಮನಾದರು. ನಮ್ಮ ಮನೆಗಳಲ್ಲಿ ಕೊನೆಗೆ ಉಣ್ಣುವವರು ಯಾರು? ತಳದ ಅನ್ನ, ಆರಿದ ಸಾರು ಯಾರಿಗೆ? ಹೆಂಗಸರಿಗೆ ರಕ್ತ ಕಡಿಮೆ ಆಗುವುದಕ್ಕೆ ಇದೂ ಒಂದು ಕಾರಣ.

ಊಟ ಮುಗಿದ ಮೇಲೆ ಹಿರಿಯಕ್ಕ ತಟ್ಟೆ ಹಿಡಿದು ತೊಳೆಯುವ ಕಡೆ ಹೋದರು. ಅಲ್ಲಿ ಒಬ್ಬ ಹೆಂಗಸು ಪಾತ್ರೆ ತೊಳೆಯುತ್ತಿದ್ದರು. ಕೈಯಲ್ಲಿ ಚಿನ್ನದ ಬಳೆ. ಬೆಲೆಬಾಳುವ ಬಟ್ಟೆ. ಹಿರಿಯಕ್ಕನ ಕೈಯಿಂದ ತಟ್ಟೆ ಇಸಿದುಕೊಂಡು ತೊಳೆದರು. ಅಲ್ಲಿ ಪಾತ್ರೆ ತೊಳೆಯುವುದು ಕೂಲಿ ಅಲ್ಲ, ಸೇವೆ. ಯಾರು ಬೇಕಾದರೂ ಮಾಡಬಹುದು. ಸ್ವಲ್ಪ ಹೊತ್ತು ಹಿರಿಯಕ್ಕನೂ ಅವರ ಪಕ್ಕದಲ್ಲಿ ನಿಂತು ತೊಳೆದರು.

ಹೊರಗೆ ಬಂದಾಗ ಅವರು ಹೇಳಿದ್ದು ಇಷ್ಟೇ. "ನೀವು ಯಾವ ಜನ ಅಂತ ಯಾರೂ ಕೇಳಲಿಲ್ಲ ಟೀಚರಮ್ಮ. ನನ್ನ ತಟ್ಟೆ ಬೇರೆಯವರು ತೊಳೆದಿದ್ದು ಇದೇ ಮೊದಲು."

ಕಾನೂನು ಏನು ಹೇಳುತ್ತದೆ?

ಈ ಮಾತು ಎಲ್ಲರಿಗೂ ಗೊತ್ತಿರಬೇಕು.

ನಮ್ಮ ಸಂವಿಧಾನ 1950ರ ಜನವರಿ 26ರಂದು ಜಾರಿಗೆ ಬಂತು. ಅದರ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. ಅಂಗಡಿ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲರಿಗೂ ಸೇರಿದ್ದು ಎಂದು 15ನೇ ವಿಧಿ ಹೇಳುತ್ತದೆ. ಜಾತಿ, ಧರ್ಮದ ಹೆಸರಿನಲ್ಲಿ ಯಾರನ್ನೂ ತಡೆಯುವಂತಿಲ್ಲ. ಅಸ್ಪೃಶ್ಯತೆ ಆಚರಿಸಿದರೆ ಶಿಕ್ಷೆ ಎಂದು 1955ರಲ್ಲಿ ಕಾನೂನೂ ಬಂತು.

ಆದ್ದರಿಂದ ಬೇರೆ ಲೋಟ ಇಡುವುದು ಸಂಪ್ರದಾಯ ಅಲ್ಲ, ಅಪರಾಧ.

ಶಿವಾಜಿನಗರದ ಸಂತೆ

ಅಲ್ಲಿಂದ ಬಸ್ಸಿನಲ್ಲಿ ಶಿವಾಜಿನಗರಕ್ಕೆ ಬಂದೆವು. ಆಧಾರ್ ಕಾರ್ಡು ತೋರಿಸಿದೆವು. ಕಂಡಕ್ಟರ್ ದುಡ್ಡಿಲ್ಲದ ಟಿಕೆಟ್ ಕೊಟ್ಟರು.

ಈ ಜಾಗಕ್ಕೆ ಹಿಂದೆ ಬಿಳಿ ಅಕ್ಕಿ ಪಳ್ಳಿ ಎನ್ನುತ್ತಿದ್ದರಂತೆ. ಬಿಳಿ ಅಕ್ಕಿ ಬೆಳೆಯುತ್ತಿದ್ದುದರಿಂದ ಆ ಹೆಸರು ಬಂತು ಎನ್ನುತ್ತಾರೆ. ಇಂಗ್ಲಿಷರ ನಾಲಿಗೆಗೆ ಅದು ಹೊರಳಲಿಲ್ಲ. ಬ್ಲ್ಯಾಕ್‌ಪಲ್ಲಿ ಎಂದರು. ಬ್ಲ್ಯಾಕ್ ಎಂದರೆ ಇಂಗ್ಲಿಷಿನಲ್ಲಿ ಕಪ್ಪು. ಬಿಳಿ ಅಕ್ಕಿ ಕಪ್ಪಾಗಿ ಹೋಯಿತು ನೋಡಿ!

ಇಲ್ಲಿ ರಸೆಲ್ ಮಾರುಕಟ್ಟೆ ಇದೆ. 1927ರಲ್ಲಿ ಕಟ್ಟಿದ ಕಟ್ಟಡ. 2012ರ ಫೆಬ್ರವರಿಯಲ್ಲಿ ಬೆಂಕಿ ಬಿದ್ದು ಬಹಳ ಅಂಗಡಿಗಳು ಸುಟ್ಟವು. ವ್ಯಾಪಾರಿಗಳು ಎದೆಗುಂದಲಿಲ್ಲ. ಮತ್ತೆ ಅಂಗಡಿ ಕಟ್ಟಿದರು. ಹಣ್ಣು, ಹೂವು, ತರಕಾರಿ, ಮೀನು, ಮಾಂಸ ಎಲ್ಲ ಇಲ್ಲಿ ಸಿಗುತ್ತದೆ.

ತರಕಾರಿ ಅಂಗಡಿಯಲ್ಲಿ ಒಂದು ತಮಾಷೆ ನಡೆಯಿತು. ಸೀಮೆಬದನೆಕಾಯಿ ರಾಶಿ ಹಾಕಿದ್ದರು. ನಮ್ಮಲ್ಲಿ ತೆಲುಗು ಮಾತಾಡುವವರು ಹೇಳಿದರು. "ನಮ್ಮ ಮನೇಲಿ ಇದಕ್ಕೆ ಬೆಂಗಳೂರು ವಂಕಾಯ ಅಂತೀವಿ." ತಮಿಳಿನವರು ಹೇಳಿದರು. "ನಾವು ಬೆಂಗಳೂರು ಕತ್ತರಿಕಾಯಿ ಅಂತೀವಿ."

ವಂಕಾಯ ಎಂದರೂ ಬದನೆ, ಕತ್ತರಿಕಾಯಿ ಎಂದರೂ ಬದನೆ. ಅವರಿಗೆ ಇದು ಬೆಂಗಳೂರಿನ ಬದನೆ. ಬೆಂಗಳೂರಿನವರಾದ ನಮಗೆ ಮಾತ್ರ ಇದು ಸೀಮೆಯ ಬದನೆ!

ಸೀಮೆ ಎಂದರೆ ಇಲ್ಲಿ ಪರದೇಶ. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು ಎಲ್ಲವೂ ಹಾಗೆಯೇ ಬಂದ ಮಾತುಗಳು. ಈ ಕಾಯಿಯ ತವರು ಮೆಕ್ಸಿಕೋ ದೇಶ. ಎಲ್ಲಿಯ ಮೆಕ್ಸಿಕೋ, ಎಲ್ಲಿಯ ನಮ್ಮ ಹುಳಿ! ತವರು ಬಿಟ್ಟು ಬಂದು ಇಲ್ಲಿಯ ಮನೆಯವಳಾಗಿ ಹೋಯಿತು. ಹೆಂಗಸರಿಗೆ ಇದು ಅರ್ಥವಾಗದೆ ಇರುತ್ತದೆಯೇ?

ಬೇಕರಿಯಲ್ಲಿ ದಿಲ್‌ಪಸಂದ್ ತೆಗೆದುಕೊಂಡೆವು. ಒಳಗೆ ಸಿಹಿ ಕೊಬ್ಬರಿ, ಮೇಲೆ ಮೈದಾ ಹಿಟ್ಟಿನ ಹೊದಿಕೆ. ದಿಲ್‌ಪಸಂದ್ ಎಂದರೆ ಉರ್ದುವಿನಲ್ಲಿ ಮನಸ್ಸಿಗೆ ಒಪ್ಪಿದ್ದು. ಒಲೆ ಇಂಗ್ಲಿಷರದು, ಹೆಸರು ಉರ್ದು, ಕೊಬ್ಬರಿ ನಮ್ಮದು.

ಪಕ್ಕದ ಬೀದಿಯಲ್ಲಿ ಸಮೋಸ ಕರಿಯುತ್ತಿದ್ದರು. ಕಬಾಬು ಸುಡುತ್ತಿದ್ದರು. ರಂಜಾನ್ ತಿಂಗಳಲ್ಲಿ ಈ ಬೀದಿಗಳನ್ನು ನೋಡಬೇಕು. ಹಗಲೆಲ್ಲ ನೀರೂ ಮುಟ್ಟದೆ ಉಪವಾಸ ಇದ್ದವರು ಸೂರ್ಯ ಮುಳುಗಿದ ಮೇಲೆ ಖರ್ಜೂರ ತಿಂದು, ಗಂಜಿ ಕುಡಿದು ಉಪವಾಸ ಬಿಡುತ್ತಾರೆ. ಆಗ ಪಕ್ಕದಲ್ಲಿದ್ದವರನ್ನೂ ಕರೆದು ಕೊಡುತ್ತಾರೆ. ಹಸಿವು ಕಂಡವರಿಗೆ ಇನ್ನೊಬ್ಬರ ಹಸಿವು ಗೊತ್ತಾಗುತ್ತದೆ.

ಅಲ್ಲೇ ಹತ್ತಿರ ಸಂತ ಮೇರಿಯಮ್ಮನ ಚರ್ಚು. ಈಗಿನ ಕಟ್ಟಡ 1882ರದು. ಒಳಗೆ ಮೇರಿಯಮ್ಮನಿಗೆ ಸೀರೆ ಉಡಿಸಿದ್ದಾರೆ! ಸೆಪ್ಟೆಂಬರ್ 8ರಂದು ಇಲ್ಲಿ ದೊಡ್ಡ ಹಬ್ಬ. ತೇರು ಎಳೆಯುತ್ತಾರೆ. ಎಲ್ಲ ಧರ್ಮದವರೂ ಬರುತ್ತಾರೆ. ನಮ್ಮಲ್ಲಿ ಒಬ್ಬರು ಮೇಣದ ಬತ್ತಿ ಹಚ್ಚಿ ಮಗಳ ಹೆರಿಗೆ ಸುಸೂತ್ರ ಆಗಲಿ ಎಂದು ಬೇಡಿಕೊಂಡರು.

ಬೆಳಿಗ್ಗೆ ಸೋಮೇಶ್ವರ. ಮಧ್ಯಾಹ್ನ ಗುರುದ್ವಾರ. ಸಂಜೆ ಮೇರಿಯಮ್ಮ, ಜೊತೆಗೆ ಮಸೀದಿ ಬೀದಿಯ ಚಹಾ. ಇದು ದಂಡಿನ ಬೆಂಗಳೂರು.

ಹೊರಗೆ ತಿನ್ನುವಾಗ ನೆನಪಿರಲಿ

ಊರು ನೋಡಲು ಹೋದವರು ಹೊಟ್ಟೆ ಕೆಡಿಸಿಕೊಂಡು ಬರಬಾರದು.

ಕಣ್ಣೆದುರು ಬಿಸಿಯಾಗಿ ಮಾಡಿದ್ದನ್ನು ತಿನ್ನಿ.

ಕತ್ತರಿಸಿ ಇಟ್ಟ ಹಣ್ಣು ಬೇಡ. ಇಡೀ ಹಣ್ಣು ಕೊಂಡು ತೊಳೆದು ತಿನ್ನಿ.

ಕುಡಿಯುವ ನೀರು ಮನೆಯಿಂದಲೇ ಒಯ್ಯಿರಿ.

ಪೊಟ್ಟಣದ ತಿಂಡಿ ಕೊಂಡರೆ ಮೊದಲು ಓದಿ. ಯಾವ ದಿನ ಮಾಡಿದ್ದು? ಎಷ್ಟು ದಿನ ಇರುತ್ತದೆ? ಬೆಲೆ ಎಷ್ಟು? ಚೌಕದೊಳಗೆ ಹಸಿರು ಚುಕ್ಕೆ ಇದ್ದರೆ ಸಸ್ಯಾಹಾರ. ಕಂದು ಬಣ್ಣದ ಗುರುತು ಇದ್ದರೆ ಮಾಂಸಾಹಾರ.

ನಮಗೆ ಸೇರದ್ದನ್ನು ತಿನ್ನಲೇಬೇಕೆಂದಿಲ್ಲ. ತಿನ್ನುವವರನ್ನು ಕಂಡು ಮೂಗು ಮುರಿಯುವುದು ಮಾತ್ರ ಬೇಡ. ಅವರವರ ತಾಯಿ ಕಲಿಸಿದ ಊಟ ಅವರವರಿಗೆ ಅಮೃತ.

ಮರಳಿ ಮನೆಗೆ

ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಕೆ.ಆರ್. ಪುರದ ಬಸ್ಸನ್ನು ಹುಡುಕಿದ್ದು ಹಿರಿಯಕ್ಕ. ಬೋರ್ಡು ಓದಿ, "ಇದೇ ಬನ್ರೇ" ಎಂದು ಎಲ್ಲರಿಗಿಂತ ಮುಂದೆ ಹತ್ತಿದರು. ಯಾರನ್ನೂ ಕೇಳಲಿಲ್ಲ.

ಚೀಟಿ ಬರೆದಿಟ್ಟು ಬಂದ ಚಿಕ್ಕವಳು ಆರು ಗಂಟೆಗೆ ಮನೆ ಸೇರಿದಳು. ಮನೆಯವರು ಮುಖ ಗಂಟು ಹಾಕಿಕೊಂಡಿದ್ದರಂತೆ. ಆದರೆ ಚೀಟಿಯನ್ನು ಹರಿದಿರಲಿಲ್ಲ. ದೇವರ ಪಟದ ಹಿಂದೆ ಸಿಕ್ಕಿಸಿದ್ದರು. ಸ್ವಲ್ಪ ಹೊತ್ತಾದ ಮೇಲೆ, "ಏನು ತಿಂದ್ರಿ ಅಲ್ಲಿ?" ಎಂದು ಕೇಳಿದರಂತೆ. ಅವಳು ಸೆರಗಿನಿಂದ ದಿಲ್‌ಪಸಂದ್ ತೆಗೆದು ಕೊಟ್ಟಳಂತೆ.

ಹಿರಿಯಕ್ಕ ಮರುವಾರ ತರಗತಿಗೆ ಬಂದಾಗ ಒಂದು ಮಾತು ಹೇಳಿದರು. "ಮುಂದಿನ ತಿಂಗಳು ಸಂಬಳ ಬಂದ ದಿನ ನಾವೆಲ್ಲ ಇಂದಿರಾನಗರದಲ್ಲಿ ಇಳಿಯೋಣ. ಹೋಟೆಲಿನ ಮುಂದಿನ ಬಾಗಿಲಲ್ಲಿ ಹೋಗಿ ಕುರ್ಚಿ ಮೇಲೆ ಕೂತು ಒಂದೊಂದು ಕಾಫಿ ಕುಡಿಯೋಣ. ದುಡ್ಡು ನಾನು ಕೊಡ್ತೀನಿ."

ಅಕ್ಕಂದಿರೇ, ನಿಮ್ಮ ಊರಲ್ಲೂ ನೀವು ನೋಡದ ಬೀದಿ ಇದೆ. ನೀವು ದಾಟದ ಬಾಗಿಲು ಇದೆ. ನಾಲ್ಕು ಜನ ಸೇರಿ. ಬೋರ್ಡು ಓದುತ್ತಾ ಹೊರಡಿ.

ಯೋಚಿಸಿ, ಹೇಳಿ

1. ಈ ಭಾಗಕ್ಕೆ ದಂಡು ಎಂಬ ಹೆಸರು ಹೇಗೆ ಬಂತು?
2. ಸೀಮೆಬದನೆಯ ತವರು ಯಾವುದು? ಸೀಮೆ ಎಂಬ ಮಾತು ಸೇರಿರುವ ಬೇರೆ ಮೂರು ಪದ ಬರೆಯಿರಿ.
3. ಹಿರಿಯಕ್ಕ ಗುರುದ್ವಾರದ ಹೊರಗೆ ಏಕೆ ನಿಂತರು? ನಿಮ್ಮ ಊರಿನಲ್ಲಿ ಹೀಗೆ ನಿಲ್ಲುವವರು ಇದ್ದಾರೆಯೇ?
4. ನಿಮ್ಮ ಮನೆಯಲ್ಲಿ ಕೊನೆಗೆ ಉಣ್ಣುವವರು ಯಾರು? ಎಲ್ಲರೂ ಒಟ್ಟಿಗೆ ಕೂತು ಉಣ್ಣಲು ಏನು ಮಾಡಬಹುದು?
5. ಒಂದು ದಿನ ಹೊರಗೆ ಹೋಗುವಾಗ ಮನೆಯವರಿಗೆ ಚೀಟಿ ಬರೆದಿಡಿ. ಕೆಳಗೆ ನಿಮ್ಮ ಹೆಸರು ಬರೆಯಲು ಮರೆಯಬೇಡಿ.